ಆಪ್-ಆಂಪ್ ಕರೆಂಟ್ ಸೆನ್ಸಿಂಗ್: ಯಾವ ಸರ್ಕ್ಯೂಟ್‌ನಲ್ಲಿ ಎಷ್ಟು ತಪ್ಪು, ಯಾವುದನ್ನು ಯಾವಾಗ ಆರಿಸಬೇಕು

ಕರೆಂಟ್ ಅಳೆಯುವ ಸರ್ಕ್ಯೂಟ್ ತಪ್ಪು ಅಂಕಿ ತೋರಿಸಿದರೆ ಮೊದಲು ಅನುಮಾನ ಬೀಳುವುದು ಆಪ್-ಆಂಪ್ (ಆಪರೇಷನಲ್ ಆಂಪ್ಲಿಫೈಯರ್, ಚಿಕ್ಕ ವೋಲ್ಟೇಜ್ ಅನ್ನು ಹಿಗ್ಗಿಸುವ ಐಸಿ) ಮೇಲೆ. ಅದನ್ನು ಕಿತ್ತು ಇನ್ನೂ ಒಳ್ಳೆಯದನ್ನು ಹಾಕುತ್ತಾರೆ, ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ. ತಪ್ಪು ಕೂತಿದ್ದದ್ದು ಷಂಟ್‌ನ (ಕರೆಂಟ್ ಹರಿಯುವ ದಾರಿಯಲ್ಲಿಟ್ಟು, ಅದರ ಮೇಲೆ ಬೀಳುವ ವೋಲ್ಟೇಜ್‌ನಿಂದ ಕರೆಂಟ್ ತಿಳಿಯುವ ಚಿಕ್ಕ ರೆಸಿಸ್ಟರ್) ಬೆಸುಗೆಯಲ್ಲೋ, ನಾಲ್ಕು ರೆಸಿಸ್ಟರ್‌ಗಳ ಹೊಂದಾಣಿಕೆಯಲ್ಲೋ ಆಗಿದ್ದರೆ ಐಸಿ ಬದಲಿಸಿ ಏನು ಬಂತು? ಹಾಗಾಗಿ ಆಯ್ಕೆಗೆ ಕೈಹಾಕುವ ಮುಂಚೆ ಒಂದು ಲೆಕ್ಕ ಮಾಡಿಕೊಳ್ಳಬೇಕು. ಪ್ರತಿಯೊಂದು ದೋಷವನ್ನೂ ಷಂಟ್‌ನ ಎರಡು ತುದಿಗಳ ನಡುವೆ ಎಷ್ಟು ಮೈಕ್ರೋವೋಲ್ಟ್ ಆಗುತ್ತದೆ ಎಂದು ನೋಡಿ, ಅದನ್ನು ಷಂಟ್‌ನ ರೋಧದಿಂದ ಭಾಗಿಸಿ. ಬರುವ ಉತ್ತರ ಆಂಪಿಯರ್‌ನಲ್ಲಿರುತ್ತದೆ. ಆಗ ಯಾವ ದೋಷ ದೊಡ್ಡದು, ಯಾವುದನ್ನು ಮರೆತರೂ ನಡೆಯುತ್ತದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: 12 ವೋಲ್ಟ್ ಸಪ್ಲೈ, ಗರಿಷ್ಠ 10 ಆಂಪಿಯರ್, 10 ಮಿಲಿಓಮ್ ಷಂಟ್. ಪೂರ್ತಿ ಕರೆಂಟ್ ಹರಿದಾಗ ಷಂಟ್ ಮೇಲೆ 100 ಮಿಲಿವೋಲ್ಟ್ ಬೀಳುತ್ತದೆ. ಇಲ್ಲಿ 10 ಮೈಕ್ರೋವೋಲ್ಟ್ ತಪ್ಪಿದರೆ 1 ಮಿಲಿಆಂಪಿಯರ್ ತಪ್ಪಿದ ಹಾಗೆ.

ಷಂಟ್: 10 ಮಿಲಿಓಮ್ ಅಥವಾ 1 ಮಿಲಿಓಮ್

10 ಮಿಲಿಓಮ್ ಷಂಟ್ 10 ಆಂಪಿಯರ್‌ಗೆ 1 ವ್ಯಾಟ್ ಶಾಖ ಹೊರಹಾಕುತ್ತದೆ. 1 ಮಿಲಿಓಮ್ ಆದರೆ ಬರೀ 0.1 ವ್ಯಾಟ್, ಆದರೆ ಸಿಗ್ನಲ್ ಕೂಡ 10 ಮಿಲಿವೋಲ್ಟ್‌ಗೆ ಇಳಿಯುತ್ತದೆ, ಪ್ರತಿ ಮೈಕ್ರೋವೋಲ್ಟ್ ದೋಷ ಹತ್ತು ಪಟ್ಟು ತೂಗುತ್ತದೆ. ಶಾಖ ತಾಳಿಕೊಳ್ಳಲು ಬೋರ್ಡ್‌ನಲ್ಲಿ ಜಾಗವಿದ್ದರೆ ದೊಡ್ಡ ಷಂಟ್‌ನ ಕಡೆಗೇ ವಾಲಿ. ಅತ್ಯಂತ ಸುಲಭವಾಗಿ ಸಿಗುವ ನಿಖರತೆ ಅದೇ.

1 ವ್ಯಾಟ್ ಬರುವ ಕಡೆ 1 ವ್ಯಾಟ್ ರೇಟಿಂಗ್‌ನ ಷಂಟ್ ಹಾಕಬೇಡಿ, 2 ಅಥವಾ 3 ವ್ಯಾಟ್‌ನದು ಇರಲಿ. ಸುಟ್ಟುಹೋಗುತ್ತದೆಂಬ ಭಯಕ್ಕಲ್ಲ, ಬಿಸಿಯಾದಂತೆ ರೋಧ ಬದಲಾಗುತ್ತದೆಂಬ ಕಾರಣಕ್ಕೆ. ಲೋಹದ ಪಟ್ಟಿಯ ಷಂಟ್‌ನ ತಾಪಗುಣಾಂಕ ಡಿಗ್ರಿಗೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇದ್ದರೆ 60 ಡಿಗ್ರಿ ಏರಿಕೆಗೆ ಶೇ. 0.3 ಬದಲಾವಣೆ. ಅಗ್ಗದ ಥಿಕ್ ಫಿಲ್ಮ್ ರೆಸಿಸ್ಟರ್‌ನಲ್ಲಿ ಅದು 500 ಪಿಪಿಎಂ ಇದ್ದರೆ ಅದೇ ಬಿಸಿಗೆ ಶೇ. 3 ಆಗುತ್ತದೆ. ರೆಸಿಸ್ಟರ್ ಮೇಲೆ 'ಶೇ. 1' ಎಂದು ಬರೆದಿದ್ದರೂ ಅದು 25 ಡಿಗ್ರಿಯ ಮಾತು.

ಇನ್ನೊಂದು ವಿಷಯ ಬಹಳಷ್ಟು ಜನರ ಕಣ್ಣು ತಪ್ಪಿಸುತ್ತದೆ. ಷಂಟ್‌ನ ಲೋಹ ತಾಮ್ರವನ್ನು ಸೇರುವ ಎರಡೂ ಕಡೆ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಚಿಕ್ಕ ವೋಲ್ಟೇಜ್ ಕೊಡುವ ಲೋಹಗಳ ಜೋಡಿ) ಹುಟ್ಟುತ್ತದೆ. ಎರಡೂ ತುದಿ ಒಂದೇ ಬಿಸಿಯಲ್ಲಿದ್ದರೆ ಒಂದನ್ನೊಂದು ಕಳೆದುಕೊಳ್ಳುತ್ತವೆ. ಒಂದು ತುದಿಯ ಪಕ್ಕ ಬಿಸಿ ಮಾಸ್‌ಫೆಟ್ ಕೂತಿದ್ದು 2 ಡಿಗ್ರಿ ವ್ಯತ್ಯಾಸ ಬಂತೆನ್ನಿ: ಕಾನ್‌ಸ್ಟಂಟನ್ ಷಂಟ್‌ನಲ್ಲಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್‌ನಂತೆ 80 ಮೈಕ್ರೋವೋಲ್ಟ್. 10 ಮಿಲಿಓಮ್‌ನಲ್ಲಿ ಅದು 8 ಮಿಲಿಆಂಪಿಯರ್, 1 ಮಿಲಿಓಮ್‌ನಲ್ಲಿ 80. ಮ್ಯಾಂಗನಿನ್ ಷಂಟ್‌ನಲ್ಲಿ ಈ ವೋಲ್ಟೇಜ್ ಬಹಳ ಚಿಕ್ಕದು. 1 ಮಿಲಿಓಮ್‌ಗಿಂತ ಕೆಳಗೆ ಇಳಿಯುವಾಗ ಮ್ಯಾಂಗನಿನ್ ಬಿಟ್ಟು ಬೇರೆ ನೋಡಬೇಡಿ.

ಬೆಸುಗೆಯ ಜಾಗವೇ ಅರ್ಧ ನಿಖರತೆ

ಪಿಸಿಬಿಯ ಸಾಮಾನ್ಯ 35 ಮೈಕ್ರಾನ್ ತಾಮ್ರದಲ್ಲಿ ಉದ್ದ-ಅಗಲ ಸಮವಿರುವ ಯಾವುದೇ ಚೌಕದ ರೋಧ ಸುಮಾರು 0.5 ಮಿಲಿಓಮ್. ಕರೆಂಟ್ ಹರಿಯುವ ದಾರಿಯಲ್ಲಿ ಇಂಥ ಒಂದೇ ಒಂದು ಚೌಕ ಸೆನ್ಸ್ ತಂತಿಗಳ ನಡುವೆ ಸೇರಿಕೊಂಡರೂ ನಮ್ಮ ಷಂಟ್ 10.5 ಮಿಲಿಓಮ್ ಆಯಿತು, ಶೇ. 5 ತಪ್ಪು. 1 ಮಿಲಿಓಮ್ ಷಂಟ್ ಆದರೆ ಶೇ. 50. ಕ್ಯಾಲಿಬ್ರೇಷನ್‌ನಲ್ಲಿ ತೆಗೆದರಾಯಿತು ಅಂದುಕೊಳ್ಳುವ ಹಾಗಿಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39 ಏರುತ್ತದೆ. ಬೋರ್ಡ್ 40 ಡಿಗ್ರಿ ಬಿಸಿಯಾದಾಗ ಆ 0.5 ಮಿಲಿಓಮ್ ಸುಮಾರು 0.58 ಆಗಿ, ನಿಮ್ಮ ಅಂಕಿಯನ್ನು ಮತ್ತೆ ಶೇ. 0.8ರಷ್ಟು ಮೇಲಕ್ಕೆ ತಳ್ಳುತ್ತದೆ.

ಪರಿಹಾರ ಕೆಲ್ವಿನ್ ಜೋಡಣೆ. ದಪ್ಪ ಕರೆಂಟ್ ಟ್ರ್ಯಾಕ್‌ಗಳು ಷಂಟ್‌ನ ಪ್ಯಾಡ್‌ಗಳಿಗೆ ಹೊರಗಿನಿಂದ ಬರಲಿ. ತೆಳು ಸೆನ್ಸ್ ಟ್ರ್ಯಾಕ್‌ಗಳು ಅದೇ ಪ್ಯಾಡ್‌ಗಳ ಒಳಗಿನ ಅಂಚಿನಿಂದ, ಅಂದರೆ ರೆಸಿಸ್ಟರ್‌ನ ಹೊಟ್ಟೆಯ ಕೆಳಗಿನಿಂದ ಹೊರಟು, ಒಂದಕ್ಕೊಂದು ಅಂಟಿಕೊಂಡು ಆಪ್-ಆಂಪ್‌ನವರೆಗೆ ಹೋಗಲಿ. ಎರಡರ ನಡುವೆ ಜಾಗ ಬಿಟ್ಟರೆ ಅದೊಂದು ಕಾಯಿಲ್ ಆಗಿ ಪಕ್ಕದ ಇಂಡಕ್ಟರ್‌ನ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಸೆನ್ಸ್ ಟ್ರ್ಯಾಕ್ ದಪ್ಪವಾಗಿರಬೇಕಿಲ್ಲ, ಅದರಲ್ಲಿ ಕರೆಂಟ್ ಇಲ್ಲವೇ ಇಲ್ಲ ಎನ್ನಬಹುದು.

ಇದನ್ನು ಪರೀಕ್ಷಿಸಲು ಎರಡು ನಿಮಿಷ ಸಾಕು. ಸ್ಥಿರವಾಗಿ 5 ಆಂಪಿಯರ್ ಹರಿಸಿ. ಮಲ್ಟಿಮೀಟರ್ ಅನ್ನು ಮಿಲಿವೋಲ್ಟ್ ರೇಂಜ್‌ನಲ್ಲಿಟ್ಟು, ಪ್ರೋಬ್‌ನ ಚೂಪು ತುದಿಯನ್ನು ಷಂಟ್‌ನ ಲೋಹದ ಮೇಲೆಯೇ ಒತ್ತಿ ಓದಿ. ಆಮೇಲೆ ಸೆನ್ಸ್ ಟ್ರ್ಯಾಕ್‌ಗಳು ಆಂಪ್ಲಿಫೈಯರ್ ತಲುಪುವ ಜಾಗದಲ್ಲಿ ಓದಿ. ಮೊದಲನೆಯದು 50 ಮಿಲಿವೋಲ್ಟ್, ಎರಡನೆಯದು 52 ಇದ್ದರೆ 0.4 ಮಿಲಿಓಮ್ ತಾಮ್ರ ಒಳಗೆ ಸೇರಿಕೊಂಡಿದೆ. ಯಾವ ಆಪ್-ಆಂಪ್ ತಂದರೂ ಇದನ್ನು ಸರಿಮಾಡಲಾಗದು.

ಲೋ-ಸೈಡ್: ಒಂದು ತಂತಿಯ ಓದು, ಎರಡು ತಂತಿಯ ಓದು

ಷಂಟ್ ಅನ್ನು ಲೋಡ್ ಮತ್ತು ಗ್ರೌಂಡ್ ನಡುವೆ ಇಡುವುದು ಲೋ-ಸೈಡ್. ಅತಿ ಸರಳ ರೂಪದಲ್ಲಿ ಒಂದು ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರ್ ಇರುತ್ತದೆ: 1 ಕಿಲೋಓಮ್ ಮತ್ತು 20 ಕಿಲೋಓಮ್, ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿ) 21, 10 ಆಂಪಿಯರ್‌ಗೆ 2.1 ವೋಲ್ಟ್. ಇಲ್ಲಿ ಆಂಪ್ಲಿಫೈಯರ್ ಷಂಟ್‌ನ ಮೇಲ್ತುದಿಯನ್ನು ಮಾತ್ರ ನೋಡುತ್ತದೆ, ಕೆಳತುದಿ ಗ್ರೌಂಡ್ ಎಂದು ನಂಬಿಕೊಂಡಿರುತ್ತದೆ. ಆ ನಂಬಿಕೆಯೇ ತಪ್ಪಿನ ಮೂಲ. ಷಂಟ್‌ನ ಕೆಳತುದಿಗೂ ಆಪ್-ಆಂಪ್‌ನ ಗ್ರೌಂಡ್‌ಗೂ ನಡುವೆ ಇರುವ ತಾಮ್ರದ ವೋಲ್ಟೇಜ್ ಪೂರ್ತಿ ಲೆಕ್ಕಕ್ಕೆ ಸೇರುತ್ತದೆ. ಈ ರೂಪವನ್ನೇ ಉಳಿಸಿಕೊಳ್ಳಬೇಕೆಂದರೆ ಕನಿಷ್ಠ 1 ಕಿಲೋಓಮ್‌ನ ಗ್ರೌಂಡ್ ತುದಿಯನ್ನು ನೇರವಾಗಿ ಷಂಟ್‌ನ ಕೆಳಗಿನ ಪ್ಯಾಡ್‌ಗೆ ಬೆಸೆಯಿರಿ.

ಅದಕ್ಕಿಂತ ಒಳ್ಳೆಯದು ನಾಲ್ಕು ರೆಸಿಸ್ಟರ್‌ನ ಡಿಫರೆನ್ಸ್ ಆಂಪ್ಲಿಫೈಯರ್: ಎರಡು 1 ಕಿಲೋಓಮ್, ಎರಡು 20 ಕಿಲೋಓಮ್, ಗೇನ್ 20. ಇದು ಎರಡೂ ತುದಿಯನ್ನು ನೋಡುತ್ತದೆ. ಲೋ-ಸೈಡ್‌ನಲ್ಲಿ ಇದಕ್ಕೆ ಶೇ. 1ರ ಸಾಮಾನ್ಯ ರೆಸಿಸ್ಟರ್‌ಗಳೇ ಸಾಕು. ಅತಿ ಕೆಟ್ಟ ಹೊಂದಾಣಿಕೆಯಲ್ಲೂ ಕಾಮನ್ ಮೋಡ್ (ಎರಡೂ ತುದಿಗಳಲ್ಲಿ ಸಮನಾಗಿರುವ ವೋಲ್ಟೇಜ್) ತಿರಸ್ಕಾರ 525 ಪಟ್ಟು ಇರುತ್ತದೆ (ಗೇನ್‌ಗೆ 1 ಕೂಡಿಸಿ, ಟಾಲರೆನ್ಸ್‌ನ ನಾಲ್ಕರಷ್ಟರಿಂದ ಭಾಗಿಸಿದರೆ ಬರುವ ಅಂಕಿ). ಗ್ರೌಂಡ್ ಹತ್ತಿರದ ಕಾಮನ್ ಮೋಡ್ ವೋಲ್ಟೇಜ್ 100 ಮಿಲಿವೋಲ್ಟ್ ಎಂದಿಟ್ಟುಕೊಂಡರೂ ತಪ್ಪು 0.19 ಮಿಲಿವೋಲ್ಟ್, ಅಂದರೆ 19 ಮಿಲಿಆಂಪಿಯರ್. ಎರಡು ರೆಸಿಸ್ಟರ್ ಹೆಚ್ಚಾದರೆ ಆಗಲಿ, ಲೋ-ಸೈಡ್‌ನಲ್ಲಿ ಇದನ್ನೇ ಆರಿಸಿ.

ಲೋ-ಸೈಡ್‌ನ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ. ಲೋಡ್‌ನ ಗ್ರೌಂಡ್ 100 ಮಿಲಿವೋಲ್ಟ್ ಮೇಲಕ್ಕೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೋಡ್‌ಗೆ ಇನ್ನೊಂದು ಗ್ರೌಂಡ್ ದಾರಿ ಇದ್ದರೆ (ಲೋಹದ ಕವಚ, ಕೇಬಲ್‌ನ ಶೀಲ್ಡ್, ಕಂಪ್ಯೂಟರ್‌ಗೆ ಹೋದ ಯುಎಸ್‌ಬಿ ತಂತಿ) ಕರೆಂಟ್‌ನ ಒಂದು ಪಾಲು ಷಂಟ್ ತಪ್ಪಿಸಿ ಆ ದಾರಿ ಹಿಡಿಯುತ್ತದೆ. ಯುಎಸ್‌ಬಿ ಸಿಕ್ಕಿಸಿದಾಗ ಅಂಕಿ ಇಳಿದು, ಕಿತ್ತಾಗ ಏರಿದರೆ ಬೇರೆಲ್ಲೂ ಹುಡುಕಬೇಡಿ. ಲೋಡ್‌ನ ಪಾಸಿಟಿವ್ ತಂತಿ ಕವಚಕ್ಕೆ ತಾಗಿ ಶಾರ್ಟ್ ಆದರೂ ಲೋ-ಸೈಡ್ ಷಂಟ್‌ಗೆ ಅದು ಗೊತ್ತೇ ಆಗುವುದಿಲ್ಲ.

ಹೈ-ಸೈಡ್: ಅದೇ ನಾಲ್ಕು ರೆಸಿಸ್ಟರ್ ಇಲ್ಲಿ ಏಕೆ ಸೋಲುತ್ತವೆ

ಷಂಟ್ ಅನ್ನು ಸಪ್ಲೈ ಮತ್ತು ಲೋಡ್ ನಡುವೆ ಇಟ್ಟರೆ ಗ್ರೌಂಡ್‌ನ ತೊಂದರೆಗಳೆಲ್ಲ ಹೋಗುತ್ತವೆ, ಆದರೆ 100 ಮಿಲಿವೋಲ್ಟ್ ಸಿಗ್ನಲ್ ಈಗ 12 ವೋಲ್ಟ್ ಮೇಲೆ ಸವಾರಿ ಮಾಡುತ್ತಿರುತ್ತದೆ. ಲೋ-ಸೈಡ್‌ನಲ್ಲಿ ಚೆನ್ನಾಗಿ ದುಡಿದ ಶೇ. 1ರ ರೆಸಿಸ್ಟರ್‌ಗಳನ್ನೇ ಇಲ್ಲಿ ಹಾಕಿ ನೋಡಿ: 12 ವೋಲ್ಟ್ ಅನ್ನು 525ರಿಂದ ಭಾಗಿಸಿದರೆ 22.9 ಮಿಲಿವೋಲ್ಟ್. ಅಂದರೆ ಕರೆಂಟ್ ಹರಿಯದೆಯೇ 2.3 ಆಂಪಿಯರ್ ತೋರಿಸಬಹುದು! ಶೇ. 0.1ರ ರೆಸಿಸ್ಟರ್ ತಂದರೂ ಅತಿ ಕೆಟ್ಟ ಸಂದರ್ಭದಲ್ಲಿ 229 ಮಿಲಿಆಂಪಿಯರ್ ಉಳಿಯುತ್ತದೆ.

ಸೊನ್ನೆಯಲ್ಲಿ ಎಷ್ಟು ತೋರಿಸುತ್ತದೋ ಅಷ್ಟನ್ನು ಸಾಫ್ಟ್‌ವೇರ್‌ನಲ್ಲಿ ಕಳೆದರೆ ಆಯಿತಲ್ಲ ಎನ್ನಬಹುದು. ಸಪ್ಲೈ ಕದಲದಿದ್ದರೆ ಆಯಿತು. ಬ್ಯಾಟರಿ ಆದರೆ 12.8ರಿಂದ 11 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಶೇ. 1ರ ಸರ್ಕ್ಯೂಟ್‌ನ ಸೊನ್ನೆ 340 ಮಿಲಿಆಂಪಿಯರ್‌ನಷ್ಟು ಸರಿದಿರುತ್ತದೆ. ಟ್ರಿಮ್ ಪಾಟ್ ಹಾಕಿ ತಿರುಗಿಸಿ ಕೂರಿಸಬಹುದು, ಆದರೆ ಬಿಸಿಗೆ ಅದೂ ಸರಿಯುತ್ತದೆ. ನಾಲ್ಕು ರೆಸಿಸ್ಟರ್ ಒಂದೇ ಪ್ಯಾಕೇಜ್‌ನಲ್ಲಿರುವ ಹೊಂದಿಸಿದ ನೆಟ್‌ವರ್ಕ್ ಇದ್ದರೆ ಮಾತ್ರ ಈ ದಾರಿ ಯೋಚಿಸಬಹುದು.

ಇನ್ನೊಂದು ಗುಂಡಿ: ಆಪ್-ಆಂಪ್‌ನ ಇನ್‌ಪುಟ್ ಪಿನ್ ಮೇಲೆ ಬೀಳುವ ವೋಲ್ಟೇಜ್ 12ರ 21ರಲ್ಲಿ 20 ಭಾಗ, ಅಂದರೆ 11.4 ವೋಲ್ಟ್. 5 ವೋಲ್ಟ್‌ನಲ್ಲಿ ಓಡುವ ಆಪ್-ಆಂಪ್ ಇಲ್ಲಿ ಕೆಲಸ ಮಾಡುವುದೇ ಇಲ್ಲ. ಅದೇ 12 ವೋಲ್ಟ್‌ನಿಂದ ಓಡುವ ಎಲ್‌ಎಂ358 ಕೂಡ ಇಲ್ಲ, ಅದರ ಇನ್‌ಪುಟ್ ಸಪ್ಲೈಗಿಂತ 1.5 ವೋಲ್ಟ್ ಕೆಳಗಿನವರೆಗೆ ಮಾತ್ರ ಖಾತರಿ.

ಬಿಡಿ ಭಾಗಗಳಲ್ಲೇ ಕಟ್ಟಬೇಕೆಂದಿದ್ದರೆ ಹೈ-ಸೈಡ್‌ಗೆ ಸರಿಯಾದ ರೂಪ ಆಪ್-ಆಂಪ್ ಜೊತೆಗೆ ಒಂದು ಪಿ-ಚಾನೆಲ್ ಮಾಸ್‌ಫೆಟ್. ಷಂಟ್‌ನ ಸಪ್ಲೈ ತುದಿಯಿಂದ 100 ಓಮ್ ಮೂಲಕ ಮಾಸ್‌ಫೆಟ್‌ನ ಸೋರ್ಸ್‌ಗೆ, ಡ್ರೈನ್‌ನಿಂದ 2 ಕಿಲೋಓಮ್ ಮೂಲಕ ಗ್ರೌಂಡ್‌ಗೆ. ಆಪ್-ಆಂಪ್ ಆ 100 ಓಮ್ ಮೇಲೆ ಷಂಟ್‌ನಷ್ಟೇ ವೋಲ್ಟೇಜ್ ಬೀಳುವಂತೆ ಮಾಸ್‌ಫೆಟ್ ಅನ್ನು ನಡೆಸುತ್ತದೆ. 100 ಮಿಲಿವೋಲ್ಟ್‌ಗೆ 1 ಮಿಲಿಆಂಪಿಯರ್, ಅದು ಕೆಳಗೆ 2 ವೋಲ್ಟ್ ಆಗುತ್ತದೆ. ಎರಡು ರೆಸಿಸ್ಟರ್‌ಗಳ ಅನುಪಾತ ಬಿಟ್ಟರೆ ಇಲ್ಲಿ ಹೊಂದಿಸಬೇಕಾದ್ದು ಏನೂ ಇಲ್ಲ, ಹಾಗಾಗಿ ರೆಸಿಸ್ಟರ್ ಹೊಂದಾಣಿಕೆಯ ದೋಷ ಸೊನ್ನೆಯನ್ನು ಕದಲಿಸುವುದಿಲ್ಲ, ಗೇನ್ ಅನ್ನು ಮಾತ್ರ. ಮಾಸ್‌ಫೆಟ್ ಬದಲು ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕಿದರೆ ಬೇಸ್ ಕರೆಂಟ್ ಕಳೆದುಹೋಗಿ, ಬೀಟಾ 100 ಇದ್ದಲ್ಲಿ ಶೇ. 1 ಕಡಿಮೆ ಓದುತ್ತದೆ. ಆಪ್-ಆಂಪ್ ಮಾತ್ರ ಪಾಸಿಟಿವ್ ಸಪ್ಲೈವರೆಗೂ ಇನ್‌ಪುಟ್ ಒಪ್ಪುವಂಥದ್ದಾಗಿರಬೇಕು, 36 ವೋಲ್ಟ್‌ವರೆಗೆ ಓಡುವ ಓಪಿಎ192 ಅಂಥದ್ದು.

ಸಿದ್ಧ ಐಸಿ ತಂದರೆ

ಹೈ-ಸೈಡ್‌ಗೆ ಹೆಚ್ಚಿನವರಿಗೆ ನಾವು ಹೇಳುವುದು ಕರೆಂಟ್ ಸೆನ್ಸಿಂಗ್‌ಗೆಂದೇ ಮಾಡಿದ ಆಂಪ್ಲಿಫೈಯರ್ ಐಸಿಯನ್ನೇ. ಒಳಗಿನ ರೆಸಿಸ್ಟರ್‌ಗಳನ್ನು ಒಂದೇ ಸಿಲಿಕಾನ್ ತುಂಡಿನ ಮೇಲೆ ಹೊಂದಿಸಿರುತ್ತಾರೆ, ಅವೆಲ್ಲ ಒಟ್ಟಿಗೇ ಬಿಸಿಯಾಗುತ್ತವೆ. ಬಿಡಿ ಭಾಗಗಳಲ್ಲಿ ಆ ಹೊಂದಾಣಿಕೆ ತರಲು ಹೆಣಗಬೇಕು.

ಆದರೆ ಸಿದ್ಧ ಐಸಿಗಳೆಲ್ಲ ಒಂದೇ ಅಲ್ಲ. ಐಎನ್‌ಎ180 ಚಿಕ್ಕದು, ಸರಳ, 26 ವೋಲ್ಟ್‌ವರೆಗೆ. 12 ವೋಲ್ಟ್ ಕಾಮನ್ ಮೋಡ್‌ನಲ್ಲಿ ಗರಿಷ್ಠ ಆಫ್‌ಸೆಟ್ (ಸಿಗ್ನಲ್ ಇಲ್ಲದಾಗಲೂ ಇನ್‌ಪುಟ್‌ನಲ್ಲಿ ಇದ್ದಂತೆ ತೋರುವ ವೋಲ್ಟೇಜ್) 500 ಮೈಕ್ರೋವೋಲ್ಟ್, ಅಂದರೆ 50 ಮಿಲಿಆಂಪಿಯರ್. ಗೇನ್ ದೋಷ ಶೇ. 1. ಓವರ್‌ಲೋಡ್ ಹಿಡಿಯಲು ಧಾರಾಳ ಸಾಕು, ಬ್ಯಾಟರಿಯ ಚಾರ್ಜ್ ಲೆಕ್ಕ ಹಾಕಲು ಸಾಲದು. ಐಎನ್‌ಎ240ರ ಆಫ್‌ಸೆಟ್ 25 ಮೈಕ್ರೋವೋಲ್ಟ್ (2.5 ಮಿಲಿಆಂಪಿಯರ್), ಗೇನ್ ದೋಷ ಶೇ. 0.2, ಕಾಮನ್ ಮೋಡ್ ಮೈನಸ್ 4ರಿಂದ 80 ವೋಲ್ಟ್. ಮೋಟಾರ್‌ನ ಫೇಸ್ ತಂತಿಯಲ್ಲೇ ಷಂಟ್ ಇಡುವುದಿದ್ದರೆ ಆಯ್ಕೆ ಇಂಥದ್ದೇ. ಅಲ್ಲಿ ಕಾಮನ್ ಮೋಡ್ ವೋಲ್ಟೇಜ್ ಪ್ರತಿ ಪಿಡಬ್ಲ್ಯುಎಂ (ವೇಗವಾಗಿ ಆನ್-ಆಫ್ ಮಾಡಿ ಮೋಟಾರ್ ನಡೆಸುವ ಸಿಗ್ನಲ್) ಅಂಚಿನಲ್ಲೂ ಸೊನ್ನೆಯಿಂದ ಸಪ್ಲೈಗೆ ಜಿಗಿಯುತ್ತದೆ, ಸಾಮಾನ್ಯ ಆಂಪ್ಲಿಫೈಯರ್ ಪ್ರತಿ ಜಿಗಿತಕ್ಕೂ ಬೆಚ್ಚಿ ಬಿದ್ದು ಚೇತರಿಸಿಕೊಳ್ಳುವಷ್ಟರಲ್ಲಿ ನೀವು ಸ್ಯಾಂಪಲ್ ತೆಗೆದಿರುತ್ತೀರಿ.

ಎಡಿಸಿ (ವೋಲ್ಟೇಜ್ ಅನ್ನು ಡಿಜಿಟಲ್ ಅಂಕಿಯಾಗಿಸುವ ಭಾಗ) ಕೂಡ ಒಳಗೇ ಇರುವ ಐಎನ್‌ಎ226ರಲ್ಲಿ ಆಫ್‌ಸೆಟ್ 10 ಮೈಕ್ರೋವೋಲ್ಟ್, ಗೇನ್ ದೋಷ ಶೇ. 0.1, ಕಾಮನ್ ಮೋಡ್ 36 ವೋಲ್ಟ್. ನಿಧಾನವಾಗಿ ಬದಲಾಗುವ ಕರೆಂಟ್‌ಗೆ ಇದನ್ನು ಮೀರಿಸುವ ಸರ್ಕ್ಯೂಟ್ ಬಿಡಿಬಿಡಿಯಾಗಿ ಕಟ್ಟುವುದು ಕಷ್ಟ. ಒಂದು ಎಚ್ಚರಿಕೆ: ಇದರ ಷಂಟ್ ರೇಂಜ್ 81.92 ಮಿಲಿವೋಲ್ಟ್. ನಮ್ಮ 10 ಮಿಲಿಓಮ್ ಹಾಕಿದರೆ 8.19 ಆಂಪಿಯರ್‌ಗೆ ಅಂಕಿ ನಿಂತೇ ಹೋಗುತ್ತದೆ, ಯಾವ ದೋಷದ ಸೂಚನೆಯೂ ಇಲ್ಲದೆ. 10 ಆಂಪಿಯರ್ ಬೇಕಿದ್ದರೆ 5 ಮಿಲಿಓಮ್ ಹಾಕಿ.

ಆಪ್-ಆಂಪ್ ಆಯ್ಕೆ: ಎಲ್‌ಎಂ358 ಅಥವಾ ಝೀರೋ-ಡ್ರಿಫ್ಟ್

ಸಾಮಾನ್ಯ ಎಲ್‌ಎಂ358ರ ಗರಿಷ್ಠ ಆಫ್‌ಸೆಟ್ 7 ಮಿಲಿವೋಲ್ಟ್. ನಮ್ಮ ಷಂಟ್‌ನಲ್ಲಿ ಅದು 700 ಮಿಲಿಆಂಪಿಯರ್. ಸೊನ್ನೆಯಲ್ಲಿ ಓದಿ ಕಳೆಯಬಹುದು, ಆದರೆ ಡಿಗ್ರಿಗೆ ಸುಮಾರು 7 ಮೈಕ್ರೋವೋಲ್ಟ್‌ನಂತೆ ಸರಿಯುವುದರಿಂದ 30 ಡಿಗ್ರಿಗೆ ಮತ್ತೆ 21 ಮಿಲಿಆಂಪಿಯರ್ ತಪ್ಪು ಕೂಡಿಕೊಳ್ಳುತ್ತದೆ. ಝೀರೋ-ಡ್ರಿಫ್ಟ್ (ತನ್ನ ಆಫ್‌ಸೆಟ್ ಅನ್ನು ತಾನೇ ಸರಿಪಡಿಸಿಕೊಳ್ಳುವ) ಆಪ್-ಆಂಪ್ ಆದ ಓಪಿಎ333ರ ಆಫ್‌ಸೆಟ್ 10 ಮೈಕ್ರೋವೋಲ್ಟ್, ಡ್ರಿಫ್ಟ್ ಡಿಗ್ರಿಗೆ 0.05 ಮೈಕ್ರೋವೋಲ್ಟ್. ಸೊನ್ನೆ ಹೊಂದಿಸುವ ಕೆಲಸವೇ ಬೇಡ. ಲೋ-ಸೈಡ್ ಡಿಫರೆನ್ಸ್ ಸರ್ಕ್ಯೂಟ್‌ನಲ್ಲಿ ಒಂದೇ ಒಂದು ಭಾಗ ಬದಲಿಸುವ ಅವಕಾಶ ಇದ್ದರೆ ಇದನ್ನೇ ಬದಲಿಸಿ, ಕೆಲ್ವಿನ್ ಜೋಡಣೆ ಮೊದಲೇ ಸರಿಯಿದ್ದಲ್ಲಿ.

ಅದಕ್ಕೆ ತೆರಬೇಕಾದ್ದು ವೇಗ. ಓಪಿಎ333ರ ಗೇನ್-ಬ್ಯಾಂಡ್‌ವಿಡ್ತ್ 350 ಕಿಲೋಹರ್ಟ್ಸ್, ಈ ಸರ್ಕ್ಯೂಟ್‌ನಲ್ಲಿ 17 ಕಿಲೋಹರ್ಟ್ಸ್ ಆಸುಪಾಸು ಮಾತ್ರ ಸಿಗುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ಮೈಕ್ರೋಸೆಕೆಂಡುಗಳಲ್ಲಿ ಮಾಸ್‌ಫೆಟ್ ಆಫ್ ಮಾಡಬೇಕಾದ ಕಡೆ ಇದನ್ನು ನೆಚ್ಚಬೇಡಿ. ನಿಖರತೆ, ವೇಗ ಎರಡೂ ಬೇಕಿದ್ದರೆ 10 ಮೆಗಾಹರ್ಟ್ಸ್‌ನ ಓಪಿಎ388 ಇದೆ. ಅಥವಾ ಷಂಟ್‌ನಿಂದಲೇ ಪ್ರತ್ಯೇಕ ಕಂಪಾರೇಟರ್ ಹಾಕಿ ರಕ್ಷಣೆಯನ್ನು ಅದಕ್ಕೆ ಒಪ್ಪಿಸಿ. ಅಳತೆಗೂ ರಕ್ಷಣೆಗೂ ಒಂದೇ ಆಂಪ್ಲಿಫೈಯರ್ ಎಂದು ಹಟ ಹಿಡಿದರೆ ಎರಡೂ ಅರೆಬರೆ ಆಗುತ್ತವೆ.

ಒಂದೇ ಸಪ್ಲೈನಲ್ಲಿ ಓಡುವಾಗ ಇನ್ನೊಂದು ಮಿತಿ ಇದೆ: ಔಟ್‌ಪುಟ್ ಪೂರ್ತಿ ಸೊನ್ನೆ ಮುಟ್ಟುವುದಿಲ್ಲ. 10 ಕಿಲೋಓಮ್ ಲೋಡ್‌ಗೆ ಎಲ್‌ಎಂ358 ಖಾತರಿ ಕೊಡುವುದು 20 ಮಿಲಿವೋಲ್ಟ್‌ವರೆಗೆ, ಓಪಿಎ333 ಕೊಡುವುದು 50ರವರೆಗೆ. ಗೇನ್ 20ರಲ್ಲಿ 50 ಮಿಲಿವೋಲ್ಟ್ ಎಂದರೆ 250 ಮಿಲಿಆಂಪಿಯರ್. ಅದಕ್ಕಿಂತ ಕಡಿಮೆ ಕರೆಂಟ್ ಬಗ್ಗೆ ಸರ್ಕ್ಯೂಟ್ ಹೇಳುವ ಮಾತನ್ನು ನಂಬುವ ಹಾಗಿಲ್ಲ. ಡಿಫರೆನ್ಸ್ ಆಂಪ್ಲಿಫೈಯರ್‌ನ ರೆಫರೆನ್ಸ್ ಕಾಲನ್ನು (ಗ್ರೌಂಡ್‌ಗೆ ಹೋಗುವ 20 ಕಿಲೋಓಮ್‌ನ ತುದಿ) ಗ್ರೌಂಡ್ ಬದಲು 200 ಮಿಲಿವೋಲ್ಟ್‌ಗೆ ಕಟ್ಟಿದರೆ ಈ ಕುರುಡು ಜಾಗ ಇಲ್ಲವಾಗುತ್ತದೆ. ಎರಡೂ ದಿಕ್ಕಿನ ಕರೆಂಟ್ ಇದ್ದರೆ ಸಪ್ಲೈನ ಅರ್ಧಕ್ಕೆ ಕಟ್ಟಿ.

ಆದರೆ ಆ ಕಾಲನ್ನು ಎರಡು 10 ಕಿಲೋಓಮ್‌ನ ಡಿವೈಡರ್‌ಗೆ ನೇರ ಸೇರಿಸಬೇಡಿ. ಡಿವೈಡರ್‌ನ 5 ಕಿಲೋಓಮ್ ಆ 20 ಕಿಲೋಓಮ್‌ಗೆ ಸೇರಿ 25 ಆಗುತ್ತದೆ, ತಕ್ಕಡಿಯ ಒಂದೇ ತಟ್ಟೆಗೆ ಕಲ್ಲು ಬಿದ್ದ ಹಾಗೆ. ಹೈ-ಸೈಡ್‌ನ 12 ವೋಲ್ಟ್‌ನಲ್ಲಿ ಇದರ ತಪ್ಪು ಇನ್‌ಪುಟ್ ಲೆಕ್ಕದಲ್ಲಿ 115 ಮಿಲಿವೋಲ್ಟ್, ನಮ್ಮ ಪೂರ್ತಿ ಸಿಗ್ನಲ್‌ಗಿಂತ ಹೆಚ್ಚು. ಡಿವೈಡರ್ ಮತ್ತು ಕಾಲಿನ ನಡುವೆ ಒಂದು ಬಫರ್ ಆಪ್-ಆಂಪ್ ಇರಲೇಬೇಕು. ಡ್ಯುಯಲ್ ಪ್ಯಾಕೇಜ್‌ನ ಇನ್ನೊಂದು ಅರ್ಧವನ್ನು ಇದಕ್ಕೇ ಬಳಸಿ, ಆ ರೆಫರೆನ್ಸ್ ಅನ್ನೂ ಎಡಿಸಿಯಲ್ಲಿ ಓದಿ ಕಳೆಯಿರಿ.

ಫಿಲ್ಟರ್: ಆಂಪ್ಲಿಫೈಯರ್‌ಗೆ ಮುಂಚೆಯೋ ಆಮೇಲೋ

ಆಂಪ್ಲಿಫೈಯರ್ ಆದ ಮೇಲೆ ಎಡಿಸಿಗೆ ಮುಂಚೆ ಒಂದು ಆರ್‌ಸಿ (ರೆಸಿಸ್ಟರ್-ಕೆಪ್ಯಾಸಿಟರ್) ಫಿಲ್ಟರ್ ಹಾಕುವುದು ಸುಲಭ, ನಿಖರತೆಗೆ ಧಕ್ಕೆಯೂ ಇಲ್ಲ. ಆದರೆ ಸ್ವಿಚಿಂಗ್ ಸ್ಪೈಕ್ ಮೊದಲೇ ಆಂಪ್ಲಿಫೈಯರ್ ಅನ್ನು ಸ್ಯಾಚುರೇಟ್ ಮಾಡಿದ್ದರೆ ಆಮೇಲಿನ ಫಿಲ್ಟರ್ ಸರಾಸರಿ ತೆಗೆಯುವುದು ಕತ್ತರಿಸಿಹೋದ ಅಲೆಯದ್ದು, ಸರಾಸರಿಯೇ ಒಂದು ಕಡೆ ವಾಲಿರುತ್ತದೆ. ಅಂಥಲ್ಲಿ ಆಂಪ್ಲಿಫೈಯರ್‌ಗೆ ಮುಂಚೆಯೇ ತಡೆಯಬೇಕು.

ಸಿದ್ಧ ಐಸಿಗೆ ಮುಂಚೆ ಪ್ರತಿ ಕಾಲಿಗೂ 10 ಓಮ್ ಮೀರಬೇಡಿ. ಒಳಗಿನ ರೆಸಿಸ್ಟರ್‌ಗಳ ಜೊತೆ ಸೇರಿ ಅದು ಗೇನ್ ಕೆಡಿಸುತ್ತದೆ. ಎರಡು 10 ಓಮ್, ನಡುವೆ 0.1 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 80 ಕಿಲೋಹರ್ಟ್ಸ್‌ಗೆ ಕಟ್ ಆಗುತ್ತದೆ. ಕೆಪ್ಯಾಸಿಟರ್ ಎರಡು ಕಾಲುಗಳ ನಡುವೆ ಇರಲಿ, ಪ್ರತಿ ಕಾಲಿನಿಂದ ಗ್ರೌಂಡ್‌ಗೆ ಬೇಡ. ಹಾಗೆ ಹಾಕಿದ ಎರಡು ಕೆಪ್ಯಾಸಿಟರ್‌ಗಳು ಒಂದೇ ಅಳತೆಯವಾಗಿ ಎಂದೂ ಸಿಗುವುದಿಲ್ಲ, ಕಾಮನ್ ಮೋಡ್ ಏರಿಳಿತವನ್ನೇ ಸಿಗ್ನಲ್ ಮಾಡಿಬಿಡುತ್ತವೆ. ಬಿಡಿ ಭಾಗಗಳ ಡಿಫರೆನ್ಸ್ ಆಂಪ್ಲಿಫೈಯರ್‌ನಲ್ಲಿ ಪ್ರತಿ 1 ಕಿಲೋಓಮ್ ಅನ್ನು ಎರಡು 499 ಓಮ್ ಆಗಿ ಒಡೆದು, ಎರಡೂ ಕಾಲುಗಳ ನಡುಬಿಂದುಗಳ ಮಧ್ಯೆ ಕೆಪ್ಯಾಸಿಟರ್ ಇಟ್ಟರೆ ಗೇನ್ ಹಾಗೇ ಉಳಿಯುತ್ತದೆ.

1 ಮಿಲಿಓಮ್‌ನ ಷಂಟ್‌ಗಳಲ್ಲಿ ಅದರದ್ದೇ ಇಂಡಕ್ಟೆನ್ಸ್ ಕೂಡ ಲೆಕ್ಕಕ್ಕೆ ಬರುತ್ತದೆ. 3 ನ್ಯಾನೋಹೆನ್ರಿ ಇದ್ದರೆ ಸುಮಾರು 53 ಕಿಲೋಹರ್ಟ್ಸ್‌ನಿಂದ ಮೇಲೆ ಷಂಟ್ ಹೆಚ್ಚೆಚ್ಚು ಓದತೊಡಗುತ್ತದೆ, ಪ್ರತಿ ಸ್ವಿಚಿಂಗ್ ಅಂಚಿನಲ್ಲೂ ಒಂದು ಮೊಳೆ ನಿಂತಂತೆ ಕಾಣುತ್ತದೆ. ಇಂಡಕ್ಟೆನ್ಸ್ ಭಾಗಿಸು ರೋಧ 3 ಮೈಕ್ರೋಸೆಕೆಂಡ್, ಫಿಲ್ಟರ್ ಕಾಲವನ್ನೂ ಅಷ್ಟೇ ಮಾಡಿ: ಎರಡು 10 ಓಮ್, 0.15 ಮೈಕ್ರೋಫ್ಯಾರಡ್. ಮೊಳೆ ಮಾಯವಾಗಿ ಅಲೆ ಚೌಕವಾಗುತ್ತದೆ.

ಮೇಜಿನ ಮೇಲೆ ತಪ್ಪು ಹುಡುಕುವ ಕ್ರಮ

ಕಟ್ಟಿದ ಸರ್ಕ್ಯೂಟ್ ತಪ್ಪು ತೋರಿಸುತ್ತಿದ್ದರೆ ಈ ಕ್ರಮದಲ್ಲಿ ನೋಡಿ. ಲೋಡ್ ತೆಗೆದು, ಎರಡೂ ಸೆನ್ಸ್ ತಂತಿಗಳನ್ನು ಷಂಟ್ ಹತ್ತಿರ ಒಂದಕ್ಕೊಂದು ಶಾರ್ಟ್ ಮಾಡಿ ಓದಿ. ಲೋ-ಸೈಡ್‌ನಲ್ಲಿ ಉಳಿಯುವುದು ಆಫ್‌ಸೆಟ್, ಜೊತೆಗೆ ಔಟ್‌ಪುಟ್ ಸೊನ್ನೆ ಮುಟ್ಟದ ಮಿತಿ. ಹೈ-ಸೈಡ್ ಆದರೆ ಶಾರ್ಟ್ ಹಾಗೇ ಇಟ್ಟುಕೊಂಡು ಸಪ್ಲೈ ಅನ್ನು 10ರಿಂದ 14 ವೋಲ್ಟ್‌ವರೆಗೆ ತಿರುಗಿಸಿ. ಅಂಕಿ ಜೊತೆಯಲ್ಲೇ ಸರಿದರೆ ಕಾಮನ್ ಮೋಡ್ ದೋಷ, ರೆಸಿಸ್ಟರ್ ಹೊಂದಿಸಬೇಕು ಇಲ್ಲವೇ ಸರ್ಕ್ಯೂಟ್‌ನ ರೂಪವನ್ನೇ ಬದಲಿಸಬೇಕು. ಸರಿಯದಿದ್ದರೆ ಶಾರ್ಟ್ ಬಿಚ್ಚಿ, ಪೂರ್ತಿ ಕರೆಂಟ್‌ನ ಶೇ. 80 ಹರಿಸಿ ತಕ್ಷಣ ಒಮ್ಮೆ, ಹತ್ತು ನಿಮಿಷದ ಮೇಲೆ ಒಮ್ಮೆ ಓದಿ. ಮೊದಲ ಓದೇ ತಪ್ಪಿದ್ದರೆ ಗೇನ್ ಅಥವಾ ಕೆಲ್ವಿನ್, ನಿಧಾನ ಏರಿದರೆ ಷಂಟ್‌ನ ಬಿಸಿ ಅಥವಾ ದಾರಿಯಲ್ಲಿ ಸೇರಿದ ತಾಮ್ರ. ಆಮೇಲೆ, ಷಂಟ್ ಬಿಸಿಯಾಗಿರುವಾಗಲೇ ಕರೆಂಟ್ ಪಟ್ಟನೆ ನಿಲ್ಲಿಸಿ. ಅಂಕಿ ಸೊನ್ನೆಗೆ ಒಮ್ಮೆಲೇ ಬರದೆ, ಷಂಟ್ ತಣ್ಣಗಾದಂತೆ ಮೆಲ್ಲಗೆ ಇಳಿದರೆ ಅದು ಥರ್ಮೋಕಪಲ್. ಆಗ ಬದಲಿಸಬೇಕಾದ್ದು ಷಂಟ್‌ನ ಲೋಹ, ಅಥವಾ ಪಕ್ಕದ ಬಿಸಿ ಭಾಗದ ಜಾಗ.